ಕರಿಬೀಜ

ಸಿಸಿಲಿಬಾಯಿ ಬಿಟ್ಟ ಕರಿಬೀಜಗಳನ್ನು
ನಾನೇ ಹೆಕ್ಕುತ್ತಿದ್ದೆ, ಸದ್ದಿಲ್ಲದೆ.
ಬೆಲ್ಟಿನ ಆ ಕಡೆ ಅವಳು, ಈ ಕಡೆ ನಾನು,
ಉಪ್ಪಳ್ಳಿಯ ಕಾಫಿ ಕ್ಯೂರಿಂಗ್ ಶೆಡ್ಡಿನಲ್ಲಿ ಹದಿನೇಳು ವರ್ಷ.
ಅವಳ ಬೆರಳಿಗೂ ಕಣ್ಣಿದೆ ಅನ್ನುತ್ತಿದ್ದೆವು:
ಒಡಕು, ಹುಳುಕು, ಬಿಳಿಚು, ಕರಿ,
ಮಾತಾಡುತ್ತಲೇ ಬೇರೆ ಬೇರೆ ಡಬ್ಬಿಗೆ.

ಆಮೇಲಾಮೇಲೆ, ಕಣದ ಬಿಸಿಲಿಂದ ಒಳಗೆ ಬಂದರೆ
ಬಾಗಿಲಲ್ಲೇ ನಿಂತುಬಿಡುತ್ತಿದ್ದಳು
ಮರೆತದ್ದೇನನ್ನೋ ನೆನೆಸಿಕೊಳ್ಳುವವಳ ಹಾಗೆ.
'ಬಲಗಣ್ಣು ಸೋಂಬೇರಿ ಕಣೇ,
ಎಡದ್ದು ಒಳಗೆ ಬಂದು ಕೂತರೂ
ಅದಿನ್ನೂ ಬಿಸಿಲಲ್ಲೇ ಇರ್ತದೆ.'

ಒಂದು ಬುಧವಾರ, ಟೀ ಗಂಟೆಗೆ ಮುಂಚೆ
ಅವಳ ಕೈ ನಿಂತಿತು.
ಬೆಲ್ಟು ಓಡುತ್ತಲೇ ಇತ್ತು.
ನೋವಿಲ್ಲ, ಕೂಗಲಿಲ್ಲ.
'ಅಂಗಡಿ ಷಟರ್ ಎಳೆದಂಗೆ ಮೇಲಿಂದ ಇಳೀತು' ಅಂದಳು.
ಎಡಗಣ್ಣಿಗೆ ಅಂಗೈ ಮುಚ್ಚಿ ಬೆಲ್ಟು ನೋಡಿದಳು:
'ಎಲ್ಲಾ ಕರಿಬೀಜವೇ. ಯಾವುದು ಅಂತ ತೆಗೀಲಿ?'
ನಾಲ್ಕು ನಿಮಿಷ. ಗಡಿಯಾರ ನಾನೇ ನೋಡಿದ್ದು.
ಷಟರ್ ಮೇಲೆ ಹೋಯಿತು, ಅವಳು ನಕ್ಕಳು.
ಮೇಸ್ತ್ರಿ ತೀರ್ಥಪ್ಪ ಬರೆದುಕೊಂಡ: ಅರ್ಧ ಮೂಟೆ ವಾಪಸ್.

ನಾವು ಉಪ್ಪು ಮೆಣಸಿನಕಾಯಿ ನಿವಾಳಿಸಿದೆವು,
ಅವಳು ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದಳು,
ಕನ್ನಡಕದವನು ಹೊಸ ಗಾಜು ಹಾಕಿ ದುಡ್ಡು ಎಣಿಸಿದ.
ಕೊನೆಗೆ ಬೇಲೂರು ಮೇಲೆ ಹಾಸನದ ಬಸ್ಸು, ಜೊತೆಗೆ ನಾನು.

ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿ
ಕತ್ತಿಗೆ ಸ್ಟೆತಸ್ಕೋಪು ಇಟ್ಟರು.
'ಕಣ್ಣಿಗೆ ಬಂದವಳ ಕತ್ತು ಯಾಕಮ್ಮಾ?'
'ಉಸಿರು ಹಿಡೀರಿ.'
ಆಮೇಲೆ ಕತ್ತಲೆ ಕೋಣೆ, ಕತ್ತಿಗೆ ತಣ್ಣನೆ ಲೋಳೆ,
ಯಂತ್ರದಿಂದ ಅವಳದೇ ರಕ್ತದ ಸದ್ದು.
ಎಡಗಡೆ, ತುಂಬಿದ ಕೊಡ ಬಗ್ಗಿಸಿದ ಹಾಗೆ.
ಬಲಗಡೆ, ಹಲ್ಲು ಕಚ್ಚಿಕೊಂಡು ಯಾರೋ
ಯಾರನ್ನೋ ಬೈಯುತ್ತಿರುವ ಹಾಗೆ.

'ಕಣ್ಣಿನದೇನೂ ತಪ್ಪಿಲ್ಲ. ಹಸಿದಿದೆ.
ಕತ್ತಿನ ರಕ್ತನಾಳದೊಳಗೆ ಜಿಡ್ಡು ಕಟ್ಟಿ
ದಾರಿ ನೂಲಿನಷ್ಟಾಗಿದೆ.
ಮಿದುಳಿಗೂ ಅದೇ ದಾರಿ.
ಮೊದಲು ಕಣ್ಣು ಹೇಳಿದ್ದು ನಿಮ್ಮ ಪುಣ್ಯ.'

ಹಸಿದಿದೆ.
ಕಣ್ಣೂ ಉಣ್ಣುತ್ತದೆಂದು ನಮಗೆ
ಯಾರೂ ಹೇಳಿರಲಿಲ್ಲ.

ವಾಪಸ್ ಬಸ್ಸಿನಲ್ಲಿ ಅವಳು
ಕತ್ತಿಗೆ ಎರಡು ಬೆರಳಿಟ್ಟುಕೊಂಡೇ ನಿದ್ದೆ ಹೋದಳು.
ನಾನು ಲೆಕ್ಕ ಹಾಕಿದೆ:
ಆರು ತಿಂಗಳು, ದಿನಕ್ಕೆ ಒಂದೊಂದು ಹಿಡಿ.
ಅವಳ ಕಣ್ಣು ಬರೆದು ಕಳಿಸಿದ ಚೀಟಿಗಳನ್ನೆಲ್ಲ
ಯಾರಿಗೂ ಕಾಣದ ಹಾಗೆ ಹೆಕ್ಕಿ ಹೆಕ್ಕಿ
ನನ್ನ ಡಬ್ಬಿಗೆ ಹಾಕಿಕೊಂಡಿದ್ದೆ,
ಉಪಕಾರ ಅಂದುಕೊಂಡು.

ಅವಳಿಗೆ ಇನ್ನೂ ಹೇಳಿಲ್ಲ.
ಆಪರೇಷನ್ನು ಸೋಮವಾರ.