ಗುಟುಕು

ಫೈಲಿನಲ್ಲಿ ಬರೆದದ್ದು ಪ್ಯಾಲಿಯೇಟಿವ್ ಎಂದು.
ಡಾಕ್ಟರು ಅರಬಿಯಲ್ಲಿ ಹೇಳಿದರು, ನರ್ಸು ಮಲಯಾಳದಲ್ಲಿ.
ಹಸನಬ್ಬ ಎರಡಕ್ಕೂ ತಲೆಯಾಡಿಸಿ
ನನ್ನ ಹೆಸರಿನ ಬಿಲ್ಲೆಯನ್ನು ಅಕ್ಷರ ಕೂಡಿಸಿ ಓದಿದರು:
'ಜೆಸಿಂತಾ ಲೋಬೊ. ಊರು ಯಾವುದು ಬಾಯಮ್ಮ?'
ವಿಟ್ಲ ಎಂದೆ.
'ಹಾಗಾದರೆ ಒಂದೇ ಬಸ್ಸು.'

ಆ ಪದವನ್ನು ಕನ್ನಡಕ್ಕೆ ತರುವ ಕೆಲಸ
ಹೀಗೆ ನನ್ನ ಪಾಲಿಗೆ ಬಂತು.
ಉಪಶಮನ ಎನ್ನಲು ನನಗೇ ನಾಲಗೆ ಹೊರಳಲಿಲ್ಲ.
ಕೊನೆಗೆ ಹೇಳಿದೆ:
ಇದು ಗುಣಕ್ಕಲ್ಲ ಕಾಕ, ಗುಟುಕಿಗೆ.

ತುಸು ಹೊತ್ತು ಗೋಡೆ ನೋಡಿದರು.
'ಎಷ್ಟು ಗುಟುಕು?'

ಮಸ್ಕತ್ತಿನ ವಾದಿ ಕಬೀರಿನಲ್ಲಿ ಇಪ್ಪತ್ತೆರಡು ವರ್ಷ
ಕರಕ್ ಚಹಾ ಕಾಯಿಸಿದವರು.
ಹೊರಗೆ ಕಾರಿನ ಹಾರ್ನ್ ಕೇಳಿದರೆ ಸಾಕು,
ಯಾರಿಗೆ ಸಕ್ಕರೆ ಎಷ್ಟು ಎಂದು ಕೈಗೇ ಗೊತ್ತು.
ಪರೋಟಕ್ಕೆ ಚೀಸು ಬಳಿದು, ಚಿಪ್ಸ್ ಪುಡಿಮಾಡಿ ಉದುರಿಸಿ, ಸುತ್ತಿ
ಶಾಲೆ ಬಿಟ್ಟ ಮಕ್ಕಳ ಕೈಗಿಟ್ಟವರು.
ಅವರಿಗೆ ಮೊದಲು ಆ ಪರೋಟ ನಿಂತಿತು,
ಆಮೇಲೆ ಅನ್ನ, ಆಮೇಲೆ ಗಂಜಿಯ ಅಗುಳು.
ಈಗ ಎಂಜಲೂ ಇಳಿಯುವುದಿಲ್ಲ.
ಕೈಯಲ್ಲಿ ಸದಾ ಒಂದು ಕಾಗದದ ಕಪ್ಪು, ಅವರದೇ ಅಂಗಡಿಯದು.
ಅದಕ್ಕೆ ಉಗುಳುತ್ತಾರೆ,
ಗಿರಾಕಿಗೆ ಕೊಡುವಾಗಿನಂತೆ ನೀಟಾಗಿ ಮುಚ್ಚಳ ಒತ್ತುತ್ತಾರೆ.

ಹಚ್ಚೆಯ ಚುಕ್ಕೆ ಬೇಡ, ಹರಾಮು ಎಂದರು.
ಸರಿ, ಎದೆಯ ಮೇಲೆ ಮಾರ್ಕರಿನಿಂದಲೇ ಗೆರೆ ಎಳೆದೆ.
ಬೆವರಿಗೆ ಅಳಿಸಿದರೆ ಮತ್ತೆ ಮೊದಲಿನಿಂದ ಅಳೆಯಬೇಕು ಎಂದೂ ಹೇಳಿದೆ.
ಅಡುಗೆಮನೆಯ ಮೇಲಿನ ಕೋಣೆ, ಏಳು ಮಂಚ, ಜೂನ್ ತಿಂಗಳು.
ಮರುದಿನ ಬನಿಯನ್ನಿಗೆ ನೀಲಿ ಹತ್ತಿತ್ತು,
ಗೆರೆ ಮಾತ್ರ ಉಳಿದಿತ್ತು.
ರೂಮಿನ ಹುಡುಗ ಸಫ್ವಾನ್
ರಾತ್ರಿಯಿಡೀ ರಟ್ಟಿನಿಂದ ಗಾಳಿ ಬೀಸಿದ್ದನಂತೆ.

ಮೊಳ ದಪ್ಪದ ಬಾಗಿಲು. ನಾನು ಹೊರಗೆ, ಪರದೆಯ ಮುಂದೆ.
ಒಳಗೆ ಅವರೊಬ್ಬರೇ, ಹಸಿರು ಗೆರೆಗಳ ನಡುವೆ ಅಂಗಾತ,
ಕೈಯೆರಡೂ ತಲೆಯ ಮೇಲೆ, ಪೊಲೀಸರಿಗೆ ಸಿಕ್ಕವರ ಹಾಗೆ.
ಯಂತ್ರ ಒಂದು ಸುತ್ತು ಬರುತ್ತದೆ. ಏನೂ ತಾಗುವುದಿಲ್ಲ.
ನಾಲ್ಕು ನಿಮಿಷ.
ಹಾಲು ಉಕ್ಕಿ ಬರುವಷ್ಟು ಹೊತ್ತು ಎಂದು
ಲೆಕ್ಕ ಹಾಕಿದ್ದು ಅವರೇ.

ಆ ವರ್ಷ ರಂಜಾನೂ ಜೂನಿಗೇ ಬಿದ್ದಿತ್ತು.
ಮೂರನೆಯ ದಿನ ಮಲಗಿದಲ್ಲಿಂದಲೇ ಕೇಳಿದರು:
'ಈ ಬೆಳಕು ಗಂಟಲೊಳಗೆ ಹೋದರೆ
ಉಪವಾಸ ಮುರಿಯುತ್ತದಾ ಬಾಯಮ್ಮ?'
ಕಾಯಿಲೆಯವರಿಗೆ ಮಾಫಿ ಇದೆಯಲ್ಲ ಕಾಕ ಎಂದೆ.
'ಅಲ್ಲಾಹು ಮಾಫಿ ಕೊಟ್ಟ. ಗಂಟಲು ಕೊಡಬೇಕಲ್ಲ.'
ನಕ್ಕರು. ನಗೆ ಕೆಮ್ಮಾಯಿತು, ಗೆರೆ ಜಾರಿತು.
ಮತ್ತೆ ಮಲಗಿಸಿ, ಮತ್ತೆ ಅಳತೆ ಹಿಡಿದೆ.

ಐದನೆಯ ದಿನ ಹೇಳಬೇಕಾದ್ದನ್ನು ಹೇಳಿದೆ:
ಮೊದಲು ಉರಿಯುತ್ತದೆ. ಒಂದೆರಡು ವಾರ ಇನ್ನೂ ಕಷ್ಟ.
ಆಮೇಲೆ ದಾರಿ ಬಿಡಬಹುದು.
ಬಿಡಬಹುದು ಎಂಬಲ್ಲಿ ನನ್ನ ದನಿ ಸಣ್ಣಗಾದದ್ದು
ಅವರಿಗೆ ಕೇಳಿಸಿತೋ ಏನೋ.
ಆದಿತ್ಯವಾರಕ್ಕೆ ಟಿಕೆಟ್ಟು. ಅಂಗಡಿಯವರೆಲ್ಲ ಸೇರಿ ಮಾಡಿಸಿದ್ದು.
ಬಿಟ್ಟರೆ ಆ ದಾರಿ ಊರಿನಲ್ಲೇ ಬಿಡಬೇಕು.
ನಾನು ನೋಡುವುದು ಗೆರೆ, ಅಳತೆ, ಐದು ದಿನ.
ಯಾರು ಏನನ್ನು ನುಂಗಿದರು ಎಂದು
ಈ ಕೋಣೆಗೆ ಯಾರೂ ಬಂದು ಹೇಳುವುದಿಲ್ಲ.

ಹಬ್ಬ ಕಳೆದು ಮೂರು ವಾರಕ್ಕೆ
ರಿಸೆಪ್ಷನ್ನಿನಲ್ಲಿ ನಿಂತಿದ್ದ ಸಫ್ವಾನ್, ಕೈಯಲ್ಲಿ ಅದೇ ಕಾಗದದ ಕಪ್ಪು.
ಮುಚ್ಚಳ ತೆಗೆಯುವ ಮೊದಲು, ಸುಳ್ಳು ಯಾಕೆ,
ನನ್ನ ಕೈ ಹಿಂಜರಿಯಿತು.

ಚಹಾ.

'ಕಾಕ ಫೋನ್ ಮಾಡಿದ್ದರು. ನಿಮಗೊಂದು ಕೊಟ್ಟು ಬಾ ಎಂದರು.
ಅವರಿಗೆ ಅರ್ಧ ಲೋಟ ಇಳಿಯಿತಂತೆ.'
ಯಾವತ್ತು, ಎಷ್ಟು ದಿನ, ಈಗಲೂ ಇಳಿಯುತ್ತದಾ
ನಾನು ಕೇಳಲಿಲ್ಲ.
ಅವನು ಹೊರಗಿನ ಬಿಸಿಲು ನೋಡುತ್ತ
ನಾನು ಕುಡಿದು ಮುಗಿಸುವ ತನಕ ನಿಂತಿದ್ದ.

ಸಕ್ಕರೆ ಹೆಚ್ಚಾಗಿತ್ತು.
ಹುಡುಗನ ಕೈಗೆ ಇನ್ನೂ ಗೊತ್ತಾಗಿಲ್ಲ.