ಇಸು

ಪೀಣ್ಯ ಎರಡನೇ ಹಂತದಿಂದ ಯಂತ್ರಗಳು
ಲಾರಿ ಹತ್ತಿ ನರಸಾಪುರಕ್ಕೆ ಹೊರಟವು.
ನನ್ನ ಗ್ರೈಂಡಿಂಗ್ ಮಷಿನ್ನಿಗೂ ಟಾರ್ಪಾಲು ಹೊದಿಸಿದ್ದರು,
ಚಳಿಜ್ವರ ಬಂದವರಿಗೆ ಹೊದಿಸುವ ಹಾಗೆ.

ಪತ್ರದಲ್ಲಿತ್ತು:
ಒಂದನೇ ತಾರೀಖು ಅಲ್ಲಿ ಹಾಜರಾಗದಿದ್ದರೆ
ತಾವಾಗಿಯೇ ಕೆಲಸ ಬಿಟ್ಟಂತೆ ಪರಿಗಣಿಸಲಾಗುವುದು.

ಎಚ್‌ಆರ್ ಹುಡುಗ ಚಿನ್ಮಯ ಕೆಟ್ಟವನಲ್ಲ.
ಕುಡಿಯಲು ನೀರು ಕೊಟ್ಟು ಹೇಳಿದ:
"ನಾವು ಬಿಡಿಸಿದರೆ ಪರಿಹಾರ ಇದೆ, ಪುಟ್ಟಲಿಂಗಮ್ಮೋರೆ,
ನೀವೇ ಬಿಟ್ಟರೆ ಇಲ್ಲ."

ಏಳನೇ ಕ್ಲಾಸಿನ ವ್ಯಾಕರಣ ನೆನಪಾಯಿತು.
ಮಾಡು, ಮಾಡಿಸು. ಉಣ್ಣು, ಉಣಿಸು.
ಅಳು, ಅಳಿಸು ಅನ್ನುವಾಗ
ಮೇಷ್ಟ್ರು ಬೋರ್ಡನ್ನೇ ಒರೆಸಿ ನಕ್ಕಿದ್ದರು.
ಬಿಡು, ಬಿಡಿಸು.
ಎರಡೇ ಅಕ್ಷರದ ಪ್ರತ್ಯಯ;
ನನ್ನ ಹತ್ತೊಂಬತ್ತು ವರ್ಷ ಅದರ ಆಚೆಗೆ ಬಿದ್ದಿದೆ.

'ಕಾರಣ' ಎಂಬಲ್ಲಿ ಒಂದೇ ಗೆರೆ.
ಮಂಗಳವಾರ, ಶುಕ್ರವಾರ ತಮ್ಮನ ಡಯಾಲಿಸಿಸ್,
ಎಂಟನೇ ಮೈಲಿಯಿಂದ ಬೆಳಗಿನ ಜಾವ ನಾಲ್ಕೂವರೆಯ ಬಸ್ಸು,
ಇಷ್ಟೆಲ್ಲ ಆ ಗೆರೆಯಲ್ಲಿ ಹಿಡಿಯಲಿಲ್ಲ.
ಬರೆದೆ: ಪೀಣ್ಯದಲ್ಲಿ ಕೆಲಸ ಕೊಡಿ, ನಾಳೆಯೇ ಬರುತ್ತೇನೆ.

"ಇದು ಕಾರಣ ಅಲ್ವಲ್ಲ" ಅಂದ ಚಿನ್ಮಯ,
ಆದರೂ ಸೀಲು ಒತ್ತಿದ: ಸ್ವೀಕರಿಸಲಾಗಿದೆ.
ಸ್ವೀಕರಿಸಿದವರು ಯಾರು ಅಂತ
ಆ ವಾಕ್ಯದಲ್ಲಿ ಎಲ್ಲೂ ಇರಲಿಲ್ಲ.

ಒಂದನೇ ತಾರೀಖು, ಏಳೂವರೆಗೆ,
ಐಡಿ ಕಾರ್ಡು ಹಾಕಿಕೊಂಡು ಹಳೇ ಗೇಟಿನ ಮುಂದೆ ನಿಂತೆ.
ಖಾಲಿ ಶೆಡ್ಡಿನಲ್ಲಿ ಎಣ್ಣೆಕಲೆಗಳು ಮಾತ್ರ
ತಮ್ಮ ತಮ್ಮ ಜಾಗದಲ್ಲಿದ್ದವು.

ವಾಚ್‌ಮನ್ ಮುದ್ದಯ್ಯ
ತಡಕಾಡಿ ರಿಜಿಸ್ಟರು ತೆಗೆದ, ಪೆನ್ನು ಕೊಡವಿದ.
"ಸೈನ್ ಹಾಕಮ್ಮ. ನೀನು ಹಾಜರಿ.
ಕಂಪನಿ ಗೈರು ಅಂತ
ಪಕ್ಕದಲ್ಲಿ ನಾನು ಬರ್ಕೋತೀನಿ."