ಒಂದು ಕೈ ಬಣ್ಣ

ದೋಣಿಗೆ ಬಣ್ಣ ಹಚ್ಚುವವನು ನಾನು.
ಉಪ್ಪಿಗೆ ಹೆದರಿ ಮೂರು ಕೈ, ಹುಳಕ್ಕೆ ಹೆದರಿ ಇನ್ನೊಂದು,
ಮಾಲೀಕನ ಬಾಯಿಗೆ ಹೆದರಿ ಅದರ ಮೇಲೆ ಮತ್ತೊಂದು.
ಇಂಥ ಕೈಗೆ ದತ್ತಾರಾಮ ರಾಯ್ಕರರು ಕೊಟ್ಟದ್ದು
ಎತ್ತಿದರೂ ಎತ್ತಿದಂತೆ ಅನಿಸದ
ಎರಡು ಮೀಟರು ರೆಕ್ಕೆ.
"ಬಣ್ಣ ಕಾಣಬೇಕು ಪಕೀರಾ," ಅಂದರು, "ಇರಬಾರದು."

ನೆಲ್ಲಿಕೇರಿಯ ಅಂಗಡಿಯ ಹಿಂದಿನ ಕೋಣೆ.
ಮೂಗುಬೊಟ್ಟು ತೂಗುವ ತಕ್ಕಡಿಯಲ್ಲಿ
ಬಾಲ್ಸಾ ಮರದ ಪಕ್ಕೆಲುಬುಗಳು ಒಂದೊಂದಾಗಿ
ಕೂತು ಏಳುತ್ತವೆ, ಹೆಣ್ಣು ನೋಡಲು ಬಂದವರ ಹಾಗೆ.
ಎಡದ್ದು ಬಲಕ್ಕಿಂತ ಒಂದು ಗುಂಜಿ ಹೆಚ್ಚು.
ಆ ಒಂದು ಗುಂಜಿಯ ಬೆನ್ನು ಹತ್ತಿ
ಎರಡು ಸಂಜೆ ಮರಳುಕಾಗದ ಉಜ್ಜಿದರು.
ಚಿನ್ನದ ಧೂಳಾದರೆ
ಬೂದಿಯಿಂದಲೂ ಸೋಸಿ ತೆಗೆಯುವ ಮನುಷ್ಯ,
ಈ ಧೂಳನ್ನು ಉಫ್ ಎಂದು ಊದಿಬಿಡುತ್ತಾರೆ.

ಮೇಲೆ ಗಾಜಿನ ಬಟ್ಟೆ, ಬಟ್ಟೆಯ ಮೇಲೆ ರಾಳ.
ಹಚ್ಚಲು ಒಂದು ದಿನ,
ಹಚ್ಚಿದ್ದನ್ನು ತೆಗೆಯಲು ಹನ್ನೊಂದು.
ಆಮೇಲೆ ನನ್ನ ಪಾಳಿ:
ಬೆನ್ನಿಗೆ ಬಿಳಿ, ಹೊಟ್ಟೆಗೆ ಕಪ್ಪು ಹಳದಿ ಪಟ್ಟೆ.
ಅಷ್ಟು ದೂರದಲ್ಲಿ ಅದು ಅಂಗಾತವೋ ಬೋರಲೋ
ಹೇಳಲು ಅದಕ್ಕೆ ಬೇರೆ ಬಾಯಿಲ್ಲ.
ದೋಣಿಯ ಹೊಟ್ಟೆಯನ್ನು ಮೀನು ಬಿಟ್ಟು ಯಾರೂ ನೋಡುವುದಿಲ್ಲ.
ಹೊಟ್ಟೆಯನ್ನು ಸಿಂಗರಿಸಿದ್ದು ನನಗೆ ಇದೇ ಮೊದಲು.

ಎಲ್ಲ ಕೂಡಿಸಿದ ಮೇಲೆ ಚಿನ್ನದ ತಕ್ಕಡಿ ಸಾಲಲಿಲ್ಲ.
ಮೀನುಪೇಟೆಯ ದೇವಿಯಕ್ಕನ ಕಾಟಾದ ಮೇಲೆ
ಹಳೇ ಪಂಚೆ ಹಾಸಿ ಮಲಗಿಸಿದೆವು.
ನಾಕು ಕಿಲೋ ಒಂಬೈನೂರ ಅರವತ್ತು.
(ಐದು ದಾಟಿದರೆ ಸ್ಪರ್ಧೆಗೆ ಬಿಡುವುದಿಲ್ಲವಂತೆ.)
ದೇವಿಯಕ್ಕ ಬಗ್ಗಿ ನೋಡಿದಳು:
"ಇಷ್ಟುದ್ದದ ಇಸ್ವಾಣ ಆದ್ರೆ ನಂಗೆ ಎತ್ತೂಕೇ ಆಗ್ತಿರ್ಲಿಲ್ಲ.
ಇದ್ರ ಒಳಗೆ ಕರುಳೇ ಇಲ್ವಲ್ಲ ಮಾರಾಯಾ!"

ಬಾಡದ ಬೇಲೆ. ಇಳಿತ.
ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿ.
ಮೂಡಗಾಳಿಯೂ ಸೂರ್ಯನೂ ಬೆನ್ನಿಗೆ.
ರಾಯ್ಕರರ ಕಣ್ಣು ವಿಮಾನ ಬಿಟ್ಟು ಇಳಿಯುವಂತಿಲ್ಲ,
ಮುಂದಿನದು ಯಾವುದೆಂದು
ಹಿಂದೆ ನಿಂತು ಹೇಳುವವನು ನಾನು.
ರಂಪಣಿ ಎಳೆಯುವಾಗ ನಲವತ್ತು ಜನಕ್ಕೆ ಕೂಗು ಕೊಟ್ಟ ಗಂಟಲು
ಇಲ್ಲಿ ಒಂದು ಕಿವಿಗೆ ಸಾಕಾಗುವಷ್ಟು ತೆಳ್ಳಗಾಗಬೇಕು:
"ಮಧ್ಯ ಬಂತು. ಮೇಲಕ್ಕೆ. ಅರ್ಧ ರೋಲು.
ತಡೀರಿ… ತಡೀರಿ… ಈಗ."

ಗಾಳಿ ಕಡಲಿಗೆ ತಳ್ಳುತ್ತದೆ.
ನೇರ ಹೋಗಬೇಕೆಂದರೆ ಮೂಗನ್ನು ಚೂರು
ದಡಕ್ಕೆ ತಿರುಗಿಸಿಕೊಂಡೇ ಹಾರಬೇಕು.
ಅಂಕ ಹಾಕುವವರು ನೋಡುವುದು ಮೂಗನ್ನಲ್ಲ, ದಾರಿಯನ್ನು.
ಇದನ್ನು ಅವರು ಪುಸ್ತಕ ತೆರೆದು ವಿವರಿಸಿದರು.
ಅಳಿವೆ ದಾಟುವ ಯಾವ ತಾಂಡೇಲನೂ
ಇದನ್ನು ಬೀಡಿ ಕಚ್ಚಿಕೊಂಡೇ ಮಾಡುತ್ತಾನೆ.
ನಾನು ಹ್ಞೂಂ ಅಂದೆ, ಅಷ್ಟೆ.

ಆಮೇಲೆ ನೈಫ್ ಎಜ್.
ಒಂದು ರೆಕ್ಕೆ ಮರಳಿಗೆ, ಒಂದು ಆಕಾಶಕ್ಕೆ;
ಇಡೀ ಹೊಟ್ಟೆ ನಮ್ಮ ಕಡೆ.
ಎಳೆ ಬಿಸಿಲು ಪಟ್ಟೆಪಟ್ಟೆಗೂ ಬಿತ್ತು.
ಎರಡನೇ ಹಳದಿಯ ಅಂಚಿನಲ್ಲಿ
ಅವತ್ತು ಬ್ರಶ್ಶು ಒಮ್ಮೆ ನಡುಗಿತ್ತಲ್ಲ,
ಅದನ್ನು ಹುಡುಕಿದೆ. ಕಾಣಲಿಲ್ಲ.
ಇನ್ನೂ ಹುಡುಕಿದೆ.
ವಿಮಾನ ಮಗ್ಗುಲಾಗಿಯೇ ಹೋಯಿತು, ಹೋಯಿತು,
ಮಿತಿಯ ಕಂಬ ದಾಟಿ ಕಾಗಾಲದ ಕಡೆ.

"ಕೂಗೋ!"

ಇಳಿಸಿದರು. ಬೈಯಲಿಲ್ಲ.
ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ
ರೆಕ್ಕೆಯ ಉಪ್ಪು ಒರೆಸುತ್ತ ಕೇಳಿದರು:
"ಏನು ಕಂಡಿತು?"
"ಬಣ್ಣ."
"ಹಂಗಾದ್ರೆ ಒಂದು ಗುಂಜಿ ಹೆಚ್ಚಾಯ್ತು ಅನ್ನು."

ಮರುದಿನ ವನ್ನಳ್ಳಿಯಲ್ಲಿ ಗಣಪು ಹರಿಕಂತ್ರನ ದೋಣಿ.
"ಬಣ್ಣಕ್ಕೆ ಬರಗಾಲವೇನೋ? ಮರ ಕಾಣ್ತದೆ!
ಹಚ್ಚು ಇನ್ನೊಂದು ಕೈ."
ಹಚ್ಚಿದೆ. ಮತ್ತೊಂದು ಹಚ್ಚು ಅಂದ. ಹಚ್ಚಿದೆ.
ಅವನು ಚಾ ಕುಡಿಯಲು ಹೋದಾಗ
ದೋಣಿಯಡಿ ನುಸುಳಿ, ಅಂಗಾತ ಮಲಗಿ,
ಹೊಟ್ಟೆಗೆ ಅಡ್ಡಲಾಗಿ ಒಂದು ಹಳದಿ ಪಟ್ಟೆ ಎಳೆದೆ.

ಒಂದೇ ಕೈ. ತೆಳ್ಳಗೆ.